ಹಳೆಯ ಎಂಜಿನಿನ ಸಮುದ್ರಯಾನ

ಅಂಬಾಸಡರ್ ಮೋಟಾರು ತಯಾರಾದುದು ಬಂಗಾಳದ ಉತ್ತರಪಾಡಾದಲ್ಲಿ. ಅದರ ವಂಶದ ಬೇರು ಮಾತ್ರ ಇಂಗ್ಲೆಂಡಿನದು. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರೇ ಅದರ ಮೂಲರೂಪ. ಆ ಕಾರು ತನ್ನ ತವರಿನಲ್ಲಿ ಕೆಲವೇ ವರ್ಷಗಳಲ್ಲಿ ಹಳತಾಗಿ ನಿಂತುಹೋಯಿತು. ಇಲ್ಲಿಯಾದರೋ 2014ರ ಮೇ ತಿಂಗಳವರೆಗೂ ಅದರ ಸಂತತಿ ಬೆಳೆಯುತ್ತಲೇ ಇತ್ತು. ಅದರ 1489 ಸಿ.ಸಿ. ಎಂಜಿನಂತೂ ಅಂದಿನ ಎಂ.ಜಿ.ಎ. ಎಂಬ ಓಟದ ಕಾರಿನ ಎಂಜಿನಿಗೆ ಒಡಹುಟ್ಟು. ಹೀಗಿರುವಾಗ, ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕುವ ಇಂಗ್ಲೆಂಡಿನ ಹವ್ಯಾಸಿಗಳು ಬಿಡಿಭಾಗಗಳಿಗಾಗಿ ಭಾರತದ ಕಡೆ ಕಣ್ಣು ಹಾಯಿಸುವುದು ಸಹಜವೇ ಸರಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೂ ಶಿವಾಜಿನಗರದ ಗುಜರಿಯವರಿಗೂ ಇಂತಹ ಸರಕು ಹೊಸದಲ್ಲ. ಆದರೆ ತಾತನ ಕಾಲದ ಕಾರನ್ನು ಹಿತ್ತಲಿನ ಷೆಡ್ಡಿನಲ್ಲಿ ನಿಲ್ಲಿಸಿಕೊಂಡಿರುವ ಗೃಹಸ್ಥರಿಗೆ ಕಡಲಾಚೆಯಿಂದ ಕಾಗದ ಬಂದಾಗ ಮನಸ್ಸು ಹಿಗ್ಗುವುದುಂಟು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ ಎಂಜಿನಿಗೆ ಪರದೇಶದವನು ಅದರ ಹಲವು ಪಟ್ಟು ಬೆಲೆ ಕೊಡುತ್ತೇನೆನ್ನುತ್ತಾನೆ. ಹಿಗ್ಗಲು ಅಡ್ಡಿಯಿಲ್ಲ. ಎಂಜಿನು ಮನೆಯ ಬಾಗಿಲು ದಾಟುವ ಮೊದಲು ಲೆಕ್ಕ ಹಾಕಬೇಕು, ಅಷ್ಟೆ.

ಮೊದಲನೆಯ ಲೆಕ್ಕ ತೂಕದ್ದು. ಅಂತಹ ಎಂಜಿನೊಂದು ಸುಮಾರು ಒಂದೂವರೆ ನೂರು ಕಿಲೋ ತೂಗುತ್ತದೆ; ಮರದ ಪೆಟ್ಟಿಗೆ ಸೇರಿದರೆ ಇನ್ನೂರರ ಸಮೀಪ. ಅಂಚೆಯಲ್ಲಿ ಇದಕ್ಕೆ ಜಾಗವಿಲ್ಲ. ಉಳಿದುದು ವಿಮಾನ, ಇಲ್ಲವೇ ಹಡಗು. ವಿಮಾನದವರು ತೂಕವನ್ನೂ ಅಳೆಯುತ್ತಾರೆ, ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 90, 70, 80 ಸೆಂಟಿಮೀಟರಿನ ಎಂಜಿನ್ ಪೆಟ್ಟಿಗೆಗೆ ಗಾತ್ರದ ತೂಕ 84 ಕಿಲೋ ಮಾತ್ರ. ಆದುದರಿಂದ ನಿಜವಾದ ಇನ್ನೂರು ಕಿಲೋವಿಗೇ ಹಣ ತೆರಬೇಕು. ಅದೇ ಕಾರಿನ ಬಾನೆಟ್ಟನ್ನು 150, 130, 25 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ, ತಗಡು ಎಷ್ಟೇ ಹಗುರವಾಗಿದ್ದರೂ 81 ಕಿಲೋವಿಗೆ ಬಾಡಿಗೆ ಬೀಳುತ್ತದೆ! ಎಂಜಿನನ್ನು ವಿಮಾನ ಹತ್ತಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುವ ಸಂಭವವೇ ಹೆಚ್ಚು.

ಹಡಗಿನ ಕ್ರಮ ಬೇರೆ. ಹಲವರ ಸರಕನ್ನು ಒಂದೇ ಕಂಟೇನರಿನಲ್ಲಿ ತುಂಬುವಾಗ ಒಂದು ಘನಮೀಟರು ಅಥವಾ ಒಂದು ಟನ್ನು, ಯಾವುದು ಹೆಚ್ಚೋ ಅದರ ಮೇಲೆ ದರ. ಮೇಲಿನ ಎಂಜಿನ್ ಪೆಟ್ಟಿಗೆ ಅರ್ಧ ಘನಮೀಟರು. ಆದರೂ ಸಾಮಾನ್ಯವಾಗಿ ಪೂರ್ತಿ ಒಂದರ ಹಣವನ್ನೇ ಕೇಳುತ್ತಾರೆ. ಜಾಣ ಮಾರಾಟಗಾರನು ಗಿರಾಕಿಗೆ ಆಗಲೇ ಬರೆಯುತ್ತಾನೆ: “ಇದೇ ಬಾಡಿಗೆಯಲ್ಲಿ ಗೇರ್‌ಬಾಕ್ಸೂ ಬರಬಹುದು, ಬೇಕೆ?” ಬೆಂಗಳೂರಿನ ಸರಕು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಸುಂಕದ ತಪಾಸಣೆ ಮುಗಿಸಿಕೊಂಡು ಚೆನ್ನೈ ಬಂದರಿನ ದಾರಿ ಹಿಡಿಯಬಹುದು. ಇಳಿಯುವ ಬಂದರಿನಲ್ಲಿ ಪೆಟ್ಟಿಗೆಯನ್ನು ಬಿಡಿಸಿಕೊಳ್ಳುವ ಖರ್ಚು ಬೇರೆ ಇದೆ. ಇದನ್ನು ಗಿರಾಕಿಗೆ ಮೊದಲೇ ತಿಳಿಸದೆ ಹೋದರೆ ಬಾಡಿಗೆಯನ್ನೂ ಮೀರಿದ ಬಿಲ್ಲು ನೋಡಿ ಅವನು ಸರಕನ್ನೇ ಬೇಡವೆಂದು ಬಿಟ್ಟುಹೋಗಬಹುದು. ಬಂದರಿನ ಗೋದಾಮಿನಲ್ಲಿ ದಿನಕ್ಕಿಷ್ಟೆಂದು ಬೆಳೆಯುವ ಬಾಡಿಗೆ ಆಗ ಕಳುಹಿಸಿದವನ ಕೊರಳಿಗೆ ಬರುತ್ತದೆ.

ಇನ್ನು ಕಟ್ಟುವ ಕೆಲಸ. ಇಲ್ಲಿ ಜಿಪುಣತನ ಸಲ್ಲದು. ಎಂಜಿನಿನಿಂದ ಎಣ್ಣೆ, ಪೆಟ್ರೋಲು, ನೀರು ಮೂರನ್ನೂ ಪೂರ್ತಿ ಬಸಿಯಬೇಕು. ಕಾರ್ಬುರೇಟರಿನ ಬಟ್ಟಲನ್ನೂ ಪೆಟ್ರೋಲ್ ಪಂಪನ್ನೂ ಬಿಚ್ಚಿ ಒರೆಸಬೇಕು. ಇಂಧನ ಉಳಿದಿರುವ ಎಂಜಿನು ಕಾನೂನಿನ ದೃಷ್ಟಿಯಲ್ಲಿ ಅಪಾಯಕಾರಿ ಸರಕು. ಆಮ್ಲವಿರುವ ಬ್ಯಾಟರಿ, ಈಚಿನ ಕಾರುಗಳ ಏರ್‌ಬ್ಯಾಗು, ಅನಿಲ ತುಂಬಿದ ಷಾಕ್ ಅಬ್ಸಾರ್ಬರು, ಇವೂ ಅದೇ ಜಾತಿಗೆ ಸೇರಿದವು. ಇವನ್ನು “ಹಳೆಯ ಬಿಡಿಭಾಗ” ಎಂದಷ್ಟೇ ಬರೆದು ಒಳಗೆ ತುರುಕುವುದು ನೂರಾರು ಜನರ ಸರಕಿನ ಪಕ್ಕದಲ್ಲಿ ಕಿಡಿಯನ್ನಿಟ್ಟಂತೆ.

ಬಸಿದ ಮೇಲೆ ಎಲ್ಲ ತೂತುಗಳಿಗೂ ಬಿರಡೆ ಹಾಕಿ, ಕಡೆದು ನಯಗೊಳಿಸಿದ ಭಾಗಗಳಿಗೆ ಗ್ರೀಸು ಬಳಿಯಬೇಕು. ಹಗಲು ಬಿಸಿಲು, ರಾತ್ರಿ ತಂಪು. ಮುಚ್ಚಿದ ಕಬ್ಬಿಣದ ಕಂಟೇನರಿನ ಚಾವಣಿಯಲ್ಲಿ ತೇವ ಹನಿಗಟ್ಟಿ ಒಳಗೇ ಮಳೆಯಂತೆ ಸುರಿಯುವುದುಂಟು. ತುಕ್ಕು ತಡೆಯುವ ಕಾಗದ, ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ, ತೇವ ಹೀರುವ ಪೊಟ್ಟಣಗಳು, ಇವಿಷ್ಟಕ್ಕೆ ತಗಲುವ ವೆಚ್ಚ ಎಂಜಿನಿನ ಬೆಲೆಯ ಮುಂದೆ ಏನೂ ಅಲ್ಲ.

ಎಂಜಿನನ್ನು ಅದರ ಹೊಟ್ಟೆಯ ಮೇಲೆ ಕೂರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕೆಳಗಿನ ಎಣ್ಣೆಯ ಪಾತ್ರೆ ಬರಿಯ ತಗಡು. ಇಡೀ ಎಂಜಿನಿನ ಭಾರವನ್ನು ಒಂದೂವರೆ ತಿಂಗಳು ಅಲೆಗಳ ಕುಲುಕಾಟದಲ್ಲಿ ಹೊರಲು ಅದನ್ನು ಮಾಡಿಲ್ಲ. ಕಾರಿನಲ್ಲಿ ಎಂಜಿನು ಯಾವ ಕಿವಿಗಳಿಂದ ನೇತಾಡುತ್ತಿತ್ತೋ ಅದೇ ಕಿವಿಗಳಿಗೆ ದಪ್ಪ ತೊಲೆಗಳನ್ನು ಕೊಟ್ಟು ಬೋಲ್ಟು ಬಿಗಿಯಬೇಕು. ಹಗ್ಗ ಸಡಿಲವಾಗುತ್ತದೆ, ಬೋಲ್ಟು ಆಗುವುದಿಲ್ಲ. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿಕೊಂಡಿರುವ ದಂಡಕ್ಕೆ ಪ್ರತ್ಯೇಕ ರಕ್ಷಣೆ ಬೇಕು. ಅದೊಂದು ಬಾಗಿದರೆ ಉಳಿದುದೆಲ್ಲ ಗುಜರಿ. ಪೆಟ್ಟಿಗೆಯ ಅಡಿಯಲ್ಲಿ ಎತ್ತುವ ಯಂತ್ರದ ಕೈಗಳು ನುಗ್ಗಲು ಹತ್ತು ಸೆಂಟಿಮೀಟರಿನಷ್ಟು ಸಂದು ಬಿಡಬೇಕು. ಬಿಡದಿದ್ದರೆ ಬಂದರಿನ ಕೂಲಿಗಳು ಎತ್ತದೆ ಇರುವುದಿಲ್ಲ, ಉರುಳಿಸುತ್ತಾರೆ.

ಮರದ ವಿಷಯದಲ್ಲಿ ಇನ್ನೊಂದು ತೊಡಕು. ಪಕ್ಕದ ಬೀದಿಯ ಬಡಗಿ ಒಳ್ಳೆಯ ಹಲಸಿನ ಹಲಗೆಯಲ್ಲಿಯೇ ಪೆಟ್ಟಿಗೆ ಮಾಡಿಕೊಟ್ಟಾನು. ಆದರೆ ಹಲಗೆಯೊಳಗೆ ಅಡಗಿದ ಹುಳು ಪರದೇಶದ ಕಾಡನ್ನು ತಿಂದೀತೆಂಬ ಭಯದಿಂದ 2002ರಲ್ಲಿ ಐ.ಎಸ್.ಪಿ.ಎಂ.-15 ಎಂಬ ಅಂತರರಾಷ್ಟ್ರೀಯ ನಿಯಮ ಬಂದಿದೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಡೆಬಿಡದೆ 30 ನಿಮಿಷ ಬೇಯಬೇಕು. ಇಲ್ಲವೇ ಮೀಥೈಲ್ ಬ್ರೋಮೈಡಿನ ಹೊಗೆ ಕುಡಿಯಬೇಕು. ಹಾಗೆ ಮಾಡಿದುದಕ್ಕೆ ಗುರುತಾಗಿ ಗೋದಿಯ ತೆನೆಯ ಮುದ್ರೆಯನ್ನು, ಪರವಾನಗಿ ಪಡೆದ ಸಂಸ್ಥೆಯವರೇ ಒತ್ತಬೇಕು. ಮುದ್ರೆಯಿಲ್ಲದ ಪೆಟ್ಟಿಗೆಯನ್ನು ಅಲ್ಲಿನವರು ಸುಡಬಹುದು, ಹಿಂದಕ್ಕೂ ಅಟ್ಟಬಹುದು. ಪ್ಲೈವುಡ್ಡಿಗೆ ಈ ನಿಯಮದಿಂದ ವಿನಾಯಿತಿ. ಪ್ಲೈವುಡ್ ಪೆಟ್ಟಿಗೆಗೆ ಸಾದಾ ಮರದ ಕಾಲು ಬಡಿದು ಸಿಕ್ಕಿಬೀಳುವವರು ಮಾತ್ರ ಕಡಿಮೆಯಿಲ್ಲ!

ಗಿರಾಕಿ ಆಸ್ಟ್ರೇಲಿಯದವನಾದರೆ ಎಚ್ಚರ ಇಮ್ಮಡಿಯಾಗಬೇಕು. ಆಕ್ಸಲಿನ ಸಂದಿನಲ್ಲಿ ಅಂಟಿದ ನಮ್ಮೂರಿನ ಕೆಮ್ಮಣ್ಣೂ ಅಲ್ಲಿ ತಡೆಗೆ ಕಾರಣ. ಉಗಿಯಿಂದ ತೊಳೆದು ಹೊಳೆಯುವಂತೆ ಮಾಡಿ ಕಳುಹಿಸಬೇಕು. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದು. ಕಲ್ನಾರಿರುವ ವಸ್ತುವಿಗೆ ಆಸ್ಟ್ರೇಲಿಯದ ಬಾಗಿಲು 2003ರ ಡಿಸೆಂಬರ್ 31ರಿಂದ ಪೂರ್ತಿ ಮುಚ್ಚಿದೆ. ಬ್ರಿಟನ್ನಿನಲ್ಲಿಯೂ ಕಲ್ನಾರಿಗೆ ನಿಷೇಧವಿದೆ.

ಸರಕಾರದ ಕಾಗದಗಳ ಮಾತು ಬೇಸರದ್ದು. ಬೇಗ ಮುಗಿಸುವುದು ಒಳ್ಳೆಯದು. ಹಣಕ್ಕೆ ಮಾರುವುದೆಂದರೆ ವ್ಯಾಪಾರ. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಖ್ಯೆ ಬೇಕು. ಮಾರಾಟದ ಬಿಲ್ಲು, ಪೆಟ್ಟಿಗೆಯಲ್ಲಿರುವ ವಸ್ತುಗಳ ಪಟ್ಟಿ, ಸುಂಕ ಇಲಾಖೆಯ ಷಿಪ್ಪಿಂಗ್ ಬಿಲ್ಲು, ಇವನ್ನು ಅನುಭವಿ ಏಜೆಂಟರಿಗೆ ವಹಿಸುವುದು ಲೇಸು. ಎಂಜಿನಿಗೆ ನಂಬರಿರುತ್ತದೆ, ಆ ನಂಬರು ಒಂದು ಕಾರಿನ ನೋಂದಣಿಗೆ ತಗುಲಿಕೊಂಡಿರುತ್ತದೆ. ಕಾರನ್ನು ಬಿಚ್ಚಿ ಹಾಕಿದ್ದರೆ ಅದನ್ನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ದಾಖಲೆ ರದ್ದು ಮಾಡಿಸಬೇಕು. ಇಲ್ಲವಾದರೆ ಕದ್ದ ಮಾಲಲ್ಲವೆಂದು ರುಜುವಾತು ಮಾಡುವ ಪೀಡೆ. ಇನ್ನೊಂದು ಮಾತು: 1950ರ ಜನವರಿ 1ಕ್ಕಿಂತ ಹಿಂದೆ ತಯಾರಾದ ಕಾರುಗಳಿಗೂ ಅವುಗಳ ಬಿಡಿಭಾಗಗಳಿಗೂ ರಫ್ತಿನ ನಿರ್ಬಂಧವಿದೆ. ಅಂಬಾಸಡರು ಆ ಗೆರೆಯ ಈಚೆಗಿದೆ. ತಾತನದಲ್ಲ, ಮುತ್ತಾತನ ಕಾರಾದರೆ ಕೈಯಿಡುವ ಮುನ್ನ ವಿಚಾರಿಸಬೇಕು.

“ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಯಿರಿ, ಉಡುಗೊರೆಯೆಂದು ಕಾಣಿಸಿರಿ” ಎಂದು ಗಿರಾಕಿ ಕೇಳುವುದುಂಟು. ಇದು ಅವನ ಸುಂಕ ಉಳಿಸಲು ಇವನ ಕೈಯಿಂದ ಸುಳ್ಳು ಬರೆಯಿಸುವ ಉಪಾಯ. ಪೆಟ್ಟಿಗೆ ಕಳೆದುಹೋದ ದಿನ ವಿಮೆಯವರು ಆ ಸುಳ್ಳು ಬೆಲೆಯನ್ನೇ ಎತ್ತಿ ತೋರಿಸುತ್ತಾರೆ.

ಹಣದ ವಿಚಾರ ಎಲ್ಲಕ್ಕಿಂತ ಸೂಕ್ಷ್ಮ. ಮೋಸಗಾರನ ಪತ್ರಕ್ಕೆ ಕೆಲವು ಲಕ್ಷಣಗಳುಂಟು. ಅವನು ಬೆಲೆಗೆ ಚೌಕಾಸಿ ಮಾಡುವುದಿಲ್ಲ. ಎಂಜಿನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ಕು ಕಳುಹಿಸಿ, “ಹೆಚ್ಚಿನ ಹಣವನ್ನು ನನ್ನ ಸಾಗಣೆದಾರನಿಗೆ ಕೊಟ್ಟುಬಿಡಿ” ಎನ್ನುತ್ತಾನೆ. ವಿದೇಶದ ಚೆಕ್ಕು ಸುಳ್ಳೆಂದು ತಿಳಿಯುವುದು ವಾರಗಳ ಮೇಲೆ. ಅಷ್ಟರಲ್ಲಿ ಸಾಗಣೆದಾರನಿಗೆ ಕೊಟ್ಟ ಹಣ, ಅದು ಮಾತ್ರ ಅಪ್ಪಟ ಹಣ, ಮಾಯವಾಗಿರುತ್ತದೆ. ಬ್ಯಾಂಕಿನಿಂದ ಹಣ ಹೊರಟಿದೆಯೆಂಬ ಕಾಗದದ ಚಿತ್ರವೂ ಹಣವಲ್ಲ. ತನ್ನ ಖಾತೆಗೆ ಜಮೆಯಾಯಿತೆಂದು ತನ್ನ ಬ್ಯಾಂಕಿನವರೇ ಹೇಳಬೇಕು.

ದೊಡ್ಡ ವರ್ತಕರು ಬ್ಯಾಂಕಿನ ಸಾಲಪತ್ರದ, ಎಂದರೆ ಲೆಟರ್ ಆಫ್ ಕ್ರೆಡಿಟ್ಟಿನ, ಮೂಲಕ ವ್ಯವಹರಿಸುತ್ತಾರೆ. ಒಂದು ಎಂಜಿನಿಗೆ ಅದರ ಖರ್ಚು ಹೊರೆಯಾದೀತು. ಮೇಲಾಗಿ ಅಲ್ಲಿ ಬ್ಯಾಂಕು ನೋಡುವುದು ಕಾಗದವನ್ನೇ ಹೊರತು ಸರಕನ್ನಲ್ಲ, ಒಂದು ಅಕ್ಷರ ವ್ಯತ್ಯಾಸವಾದರೂ ತಕರಾರು. ಗೃಹಸ್ಥರಿಗೆ ಪೂರ್ತಿ ಹಣ ಮುಂಗಡವೇ ಕ್ಷೇಮ. ಗಿರಾಕಿಗೂ ಭಯವಿರುವುದು ಸಹಜ. ಅವನು ಒಪ್ಪದಿದ್ದರೆ ಮಧ್ಯದ ದಾರಿಯೊಂದುಂಟು. ಹಿಂದೆ ವರ್ತಕರು ರೈಲ್ವೆ ರಸೀದಿಯನ್ನು ಬ್ಯಾಂಕಿನ ಮೂಲಕ ಕಳುಹಿಸಿ, ಹಣ ಕಟ್ಟಿದವನಿಗೆ ಮಾತ್ರ ರಸೀದಿ ಸಿಗುವಂತೆ ಮಾಡುತ್ತಿದ್ದರಲ್ಲ, ಅದೇ ಉಪಾಯ ಹಡಗಿಗೂ ಸಲ್ಲುತ್ತದೆ. ಹಡಗಿನವರು ಕೊಡುವ ‘ಬಿಲ್ ಆಫ್ ಲೇಡಿಂಗ್’ ಎಂಬ ಪತ್ರದ ಮೂಲಪ್ರತಿ ಕೈಯಲ್ಲಿಲ್ಲದೆ ಸರಕು ಬಿಡುಗಡೆಯಾಗದು. ಸ್ವಲ್ಪ ಭಾಗ ಮುಂಗಡ, ಉಳಿದ ಹಣ ಆ ಪತ್ರಕ್ಕೆ ಪ್ರತಿಯಾಗಿ. ವಿಮಾನದ ‘ಏರ್‌ವೇ ಬಿಲ್ಲಿ’ಗೆ ಈ ಶಕ್ತಿ ಇಲ್ಲ, ಅದು ಒಡೆತನದ ಪತ್ರವೇ ಅಲ್ಲ, ಹೆಸರಿದ್ದವನು ಸರಕನ್ನು ಒಯ್ಯುತ್ತಾನೆ. ಅವಸರ ಮಾಡಿ ಮೂಲಪ್ರತಿಯನ್ನು ಹಡಗಿನ ಕಂಪನಿಗೇ ಹಿಂದಿರುಗಿಸುವಂತೆ ಗಿರಾಕಿ ಕೇಳಿದರೆ, ಹಣ ಬಂದ ಮೇಲೆಯೇ ಒಪ್ಪಬೇಕು.

ಕರಾರಿನ ಮೂರಕ್ಷರಗಳೂ ಮೋಸಮಾಡುವುದುಂಟು. ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯು 1936ರಲ್ಲಿ ಮೊದಲು ಹೊರತಂದು, 2020ರಲ್ಲಿ ಪರಿಷ್ಕರಿಸಿದ ಕರಾರುಗಳಿವು. ಸಿ.ಐ.ಎಫ್. ಎಂದರೆ ಬೆಲೆ, ವಿಮೆ, ಬಾಡಿಗೆ ಮೂರೂ ಮಾರುವವನವು. ಆದರೆ ಸರಕು ಹಡಗು ಹತ್ತಿದ ಕ್ಷಣದಿಂದ ಅಪಾಯದ ಹೊಣೆ ಕೊಳ್ಳುವವನದು! ಡಿ.ಡಿ.ಪಿ. ಎಂಬುದಕ್ಕೆ ಗೃಹಸ್ಥರು ಸುತರಾಂ ಒಪ್ಪಬಾರದು; ಅಲ್ಲಿನ ಸುಂಕವೂ ಬ್ರಿಟನ್ನಿನ ಶೇಕಡ 20ರ ತೆರಿಗೆಯೂ ಇಲ್ಲಿಂದಲೇ ತೆರಬೇಕಾದೀತು.

ವಿಮೆಗೆ ಸಾಮಾನ್ಯ ಕ್ರಮ ಬೆಲೆಯ ನೂರಹತ್ತು ಪಾಲು. ‘ಎ’ ಎಂಬ ವರ್ಗದ ಪಾಲಿಸಿ ವ್ಯಾಪಕವಾದದ್ದು; ಅಗ್ಗದ ‘ಸಿ’ ವರ್ಗ ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಒದಗುವುದೇ ಹೊರತು ಪೆಟ್ಟಿಗೆ ಎತ್ತುವಾಗ ಬಿದ್ದರೆ ಒದಗುವುದಿಲ್ಲ. ಸರಿಯಾಗಿ ಕಟ್ಟದ ಸರಕಿಗೆ ಎರಡರಲ್ಲಿಯೂ ಹಣವಿಲ್ಲ. ಹಡಗಿನ ಕಂಪನಿಯ ಹೊಣೆಯಂತೂ ಮಿತವಾದದ್ದು. ಕಪ್ತಾನನ ನಾವಿಕ ತಪ್ಪಿನಿಂದ ನಷ್ಟವಾದರೆ ಅದೂ ಇಲ್ಲ. ಇನ್ನೂ ವಿಚಿತ್ರವಾದ ಪದ್ಧತಿಯೊಂದಿದೆ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರವನ್ನೇ ಕಟ್ಟಿಹಾಕಿತಲ್ಲ, ಆಗ ಅದರ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ಎಂದರೆ ಹಡಗನ್ನು ಉಳಿಸಲು ಆದ ಖರ್ಚಿನಲ್ಲಿ ಅದರೊಳಗೆ ಸರಕಿಟ್ಟ ಪ್ರತಿಯೊಬ್ಬನೂ ಪಾಲು ಕೊಡಬೇಕು. ತನ್ನ ಪೆಟ್ಟಿಗೆ ಭದ್ರವಾಗಿದ್ದರೂ ಸರಿಯೆ. ವಿಮೆಯಿದ್ದವರ ಪರವಾಗಿ ವಿಮೆಯವರು ಜಾಮೀನು ಬರೆದುಕೊಡುತ್ತಾರೆ. ಇಲ್ಲದವರು ನಗದು ಕಟ್ಟಿ ಸರಕು ಬಿಡಿಸಿಕೊಳ್ಳಬೇಕು.

ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ ಎಂಜಿನಿನ ನಂಬರು, ಬಿಗಿದ ಬೋಲ್ಟು, ಮರದ ಮುದ್ರೆ, ಎಲ್ಲಕ್ಕೂ ಚಿತ್ರ ತೆಗೆದಿಡಬೇಕು. ಗಿರಾಕಿಗೂ ಒಂದು ಮಾತು ಬರೆದಿಡುವುದು ಒಳಿತು: ಪೆಟ್ಟಿಗೆ ಒಡೆದಿದ್ದರೆ ರುಜು ಹಾಕುವ ಮೊದಲೇ ಅದನ್ನು ರಸೀದಿಯ ಮೇಲೆ ಬರೆಯಲಿ, ಹೊರಗೆ ಕಾಣದ ಏಟಾದರೆ ಮೂರು ದಿನಗಳೊಳಗೆ ಹಡಗಿನವರಿಗೆ ಲಿಖಿತ ತಿಳಿವಳಿಕೆ ಕೊಡಲಿ, ಹಡಗಿನವರ ಮೇಲೆ ದಾವೆ ಹೂಡಲು ಒಂದು ವರ್ಷದ ಗಡುವು. ಇತ್ತ ಮಾರಿದವರು ಹಣ ಬಂದೊಡನೆ ಬ್ಯಾಂಕಿಗೆ ಷಿಪ್ಪಿಂಗ್ ಬಿಲ್ಲಿನ ಸಂಖ್ಯೆ ಕೊಟ್ಟು ಎರಡನ್ನೂ ತಾಳೆ ಹಾಕಿಸಬೇಕು. ಹಾಗೆ ಮಾಡದಿದ್ದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಆ ಎಂಜಿನಿನ ಹಣ ಬಾಕಿಯೆಂದೇ ಉಳಿದು, ಎಂದೋ ಒಂದು ದಿನ ವಿಚಾರಣೆಯ ಕಾಗದವಾಗಿ ಮನೆಗೆ ಬರುತ್ತದೆ.