ಕ್ಷಯ: ಮಾತ್ರೆಯ ಜೊತೆಗೆ ಬೇಳೆಯೂ ಬೇಕು

ರೋಗಿಗೆ ಮಾತ್ರವಲ್ಲ, ಮನೆಮಂದಿಗೂ ಆಹಾರ ಒದಗಿಸುವುದು ಚಿಕಿತ್ಸೆಯ ಭಾಗವಾಗಲಿ

ಕ್ಷಯರೋಗ ಖಚಿತವಾದವರ ತೂಕವನ್ನು ಆರೋಗ್ಯ ಕೇಂದ್ರದಲ್ಲಿ ಮೊದಲು ನೋಡುತ್ತಾರೆ. ಮಾತ್ರೆಯ ಲೆಕ್ಕ ನಿಂತಿರುವುದೇ ಅದರ ಮೇಲೆ. 35ರಿಂದ 49 ಕೆ.ಜಿ. ತೂಗುವ ವಯಸ್ಕರಿಗೆ ದಿನಕ್ಕೆ ಮೂರು ಮಾತ್ರೆ, 50ರಿಂದ 64 ಕೆ.ಜಿ. ಇದ್ದರೆ ನಾಲ್ಕು. ಆದರೆ ಅದೇ ಅಂಕಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಎದುರಿಗೆ ನಿಂತವರು ಎಷ್ಟು ಕಾಲದಿಂದ ಅರೆಹೊಟ್ಟೆಯಲ್ಲಿದ್ದಾರೆ ಎಂಬುದನ್ನು. ಮಾತ್ರೆ ಅಂದೇ ಸಿಗುತ್ತದೆ. ಹಸಿವಿಗೆ ಉತ್ತರ ಸಿಗುವುದು ಯಾವಾಗಲೋ, ಎಷ್ಟೋ.

ಹಸಿವು ಮತ್ತು ಕ್ಷಯ ಒಂದನ್ನೊಂದು ಸಾಕುತ್ತವೆ. ಪೌಷ್ಟಿಕಾಂಶ ಕೊರತೆಯಿಂದ ರೋಗನಿರೋಧಕ ಶಕ್ತಿ ಕುಸಿದಾಗ, ದೇಹದಲ್ಲಿ ಸುಮ್ಮನಿದ್ದ ಕ್ಷಯಾಣು ತಲೆಯೆತ್ತುತ್ತದೆ. ರೋಗ ಬಂದ ಮೇಲೆ ಜ್ವರ ಮೈಯನ್ನು ಕರಗಿಸುತ್ತದೆ, ಬಾಯಿರುಚಿ ಕೆಡುತ್ತದೆ, ದುಡಿಮೆ ನಿಲ್ಲುತ್ತದೆ. ದುಡಿಮೆ ನಿಂತರೆ ಮನೆಗೆ ಬರುವ ದಿನಸಿಯೂ ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಮಂದಿಗೆ ಕ್ಷಯ ತಗುಲಿತ್ತು. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚು. ನಮ್ಮಲ್ಲಿ ಈ ರೋಗಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಮುಂಚೂಣಿಯಲ್ಲಿರುವುದು ಅಪೌಷ್ಟಿಕತೆ.

ಈ ನಂಟು ವೈದ್ಯರಿಗೆ ಹೊಸದೇನಲ್ಲ. ಔಷಧಿಗಳಿಲ್ಲದ ಕಾಲದಲ್ಲಿ ಸ್ಯಾನಟೋರಿಯಂಗಳು ಕೊಡುತ್ತಿದ್ದುದು ವಿಶ್ರಾಂತಿ, ಗಾಳಿ ಮತ್ತು ಹೊಟ್ಟೆ ತುಂಬ ಊಟವನ್ನು. ಮದರಾಸಿನಲ್ಲಿ 1956ರಲ್ಲಿ ಸ್ಥಾಪನೆಯಾದ ಕ್ಷಯ ಸಂಶೋಧನಾ ಕೇಂದ್ರವು 1959ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚಿತ್ರವನ್ನೇ ಬದಲಿಸಿತು. ಸ್ಯಾನಟೋರಿಯಂನ ಒಳ್ಳೆಯ ಊಟವಿಲ್ಲದೆ, ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಲಕ್ಷಾಂತರ ಬಡವರಿಗೆ ಚಿಕಿತ್ಸೆಯ ಬಾಗಿಲು ತೆರೆದ ಮಹತ್ವದ ಶೋಧ ಅದು. ಆದರೆ ಔಷಧಿಯೊಂದಿದ್ದರೆ ಸಾಕು, ಆಹಾರದ ಚಿಂತೆ ಬೇಡ ಎಂಬ ಧೋರಣೆಯೂ ಅದರ ಬೆನ್ನಿಗೇ ಬೇರೂರಿತು.

ಆ ಧೋರಣೆಯನ್ನು ಅಲುಗಿಸಿದ್ದು 2019ರಿಂದ 2022ರವರೆಗೆ ಜಾರ್ಖಂಡ್‌ನಲ್ಲಿ ನಡೆದ ‘ರೇಷನ್ಸ್’ ಅಧ್ಯಯನ. ಅದರ ನೇತೃತ್ವ ವಹಿಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಮದರಾಸಿನ ಅದೇ ಕೇಂದ್ರ ಬೆಳೆದು ರೂಪುಗೊಂಡ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. 2,800 ರೋಗಿಗಳಿಗೆ ಔಷಧಿಯ ಜೊತೆಗೆ ತಿಂಗಳಿಗೆ 10 ಕೆ.ಜಿ. ಆಹಾರ ಸಾಮಗ್ರಿ ಕೊಡಲಾಯಿತು: ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ. ದಿನಕ್ಕೆ 1,200 ಕಿಲೊ ಕ್ಯಾಲೊರಿ, 52 ಗ್ರಾಂ ಪ್ರೊಟೀನ್ ಸಿಗುವ ಲೆಕ್ಕ. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 40 ಕೆ.ಜಿ. ತೂಗುವವರಿಗೆ ಶೇ 5 ಎಂದರೆ ಬರೀ ಎರಡು ಕೆ.ಜಿ.

ಇನ್ನೂ ಮಹತ್ವದ ಫಲಿತಾಂಶ ಕಂಡದ್ದು ಮನೆಮಂದಿಯಲ್ಲಿ. ಒಂದು ಗುಂಪಿನ ಕುಟುಂಬಗಳಲ್ಲಿ ರೋಗಿಯ ಜೊತೆಗಿದ್ದ ಪ್ರತಿ ವಯಸ್ಕರಿಗೂ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಡಲಾಗಿತ್ತು. ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಸೋಂಕು ಹರಡಬಲ್ಲ ಶ್ವಾಸಕೋಶದ ಕ್ಷಯ ಶೇ 48ರಷ್ಟು. ಲಸಿಕೆಯಿಂದ ನಿರೀಕ್ಷಿಸುವಂಥ ಕೆಲಸವನ್ನು ಅಕ್ಕಿ–ಬೇಳೆ ಮಾಡಿದ್ದವು.

ಮನೆಯವರನ್ನು ಸೇರಿಸಿಕೊಳ್ಳಲು ಮತ್ತೊಂದು ಕಾರಣವೂ ಉಂಟು. ಔಷಧಿ ನಾಟತೊಡಗಿದ ಕೆಲವು ವಾರಗಳಲ್ಲಿ ರೋಗಿಗೆ ಸತ್ತುಹೋಗಿದ್ದ ಹಸಿವು ಮರಳುತ್ತದೆ. ಮೈಕೈ ತುಂಬಿಕೊಳ್ಳಲು ಅದೇ ಸರಿಯಾದ ಹೊತ್ತು. ಆದರೆ ಮನೆಯಲ್ಲಿ ಬೇಯುವುದು ಒಂದೇ ಪಾತ್ರೆಯಲ್ಲಿ. ರೋಗಿಯ ಪಾಲಿನ ಮೊಟ್ಟೆ, ಹಾಲು ಬಂದರೆ ಅದು ಮಕ್ಕಳ ತಟ್ಟೆಗೆ ಹೋಗುತ್ತದೆ. ರೋಗಿ ತಾಯಿಯಾಗಿದ್ದರಂತೂ ಕೇಳುವುದೇ ಬೇಡ. ಇದು ದುರುಪಯೋಗವಲ್ಲ, ಕುಟುಂಬ ಬದುಕುವ ರೀತಿ. ಯೋಜನೆಗಳು ಇದನ್ನು ಒಪ್ಪಿಕೊಂಡೇ ರೂಪುಗೊಳ್ಳಬೇಕು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2018ರಲ್ಲಿ ಶುರುವಾದ ನಿಕ್ಷಯ್ ಪೋಷಣ್ ಯೋಜನೆಯ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿದೆ. ದಿನಕ್ಕೆ 33 ರೂಪಾಯಿ; ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು ತಂದರೆ ಮುಗಿಯಿತು. ದಾನಿಗಳು ರೋಗಿಗಳಿಗೆ ಆಹಾರದ ಕಿಟ್ ಕೊಡುವ ‘ನಿಕ್ಷಯ್ ಮಿತ್ರ’ ವ್ಯವಸ್ಥೆ 2022ರಿಂದ ಇದೆ. ಅದಕ್ಕೆ ಮನೆಮಂದಿಯನ್ನೂ ಸೇರಿಸಲಾಗಿದೆ. ಮುಂದೆ ಬಂದ ದಾನಿಗಳು ಅಭಿನಂದನೆಗೆ ಅರ್ಹರು. ಆದರೆ ಮಾತ್ರೆ ಯಾರ ಔದಾರ್ಯಕ್ಕೂ ಕಾಯುವುದಿಲ್ಲ. ಅನ್ನವೂ ಕಾಯಬಾರದು.

ಆಹಾರದ ಮಾತೆತ್ತಿದಾಗ ಎಚ್ಚರವೂ ಬೇಕು. ಎಷ್ಟೇ ಪುಷ್ಟಿಕರ ಊಟವಾದರೂ ಅದು ಔಷಧಿಗೆ ಬದಲಿಯಲ್ಲ. ಮೈ ತುಂಬಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದ ಸ್ವರೂಪವನ್ನೂ ತಾಳಬಹುದು. ತೀರಾ ಬಡಕಲಾದವರಿಗೆ ಒಮ್ಮೆಲೇ ಹೆಚ್ಚು ತಿನ್ನಿಸುವುದು ಅಪಾಯ, ಅಂಥವರಿಗೆ ಆಸ್ಪತ್ರೆಯ ನಿಗಾ ಬೇಕು. ಸಕ್ಕರೆ ಕಾಯಿಲೆಯೂ ಇದ್ದವರು ವೈದ್ಯರನ್ನು ಕೇಳಿಯೇ ಊಟ ಹೊಂದಿಸಿಕೊಳ್ಳಬೇಕು. ಇನ್ನೊಂದೆಡೆ, ಮೊಟ್ಟೆ ಉಷ್ಣ, ಮೊಸರು–ಬಾಳೆಹಣ್ಣು ಶೀತ ಎಂದು ಪಥ್ಯದ ಹೆಸರಿನಲ್ಲಿ ಬೇಕಾದದ್ದನ್ನೇ ತಪ್ಪಿಸುವ ಮನೆಗಳಿವೆ. ಸಾಲ ಮಾಡಿ ದುಬಾರಿ ಪ್ರೊಟೀನ್ ಪುಡಿಯ ಡಬ್ಬಿ ತರುವವರಿದ್ದಾರೆ. ತೊಗರಿಬೇಳೆ, ಹುರಿಗಡಲೆ, ಶೇಂಗಾ, ಮೊಟ್ಟೆ, ಹಾಲು ಸಾಕೆಂದು ಕೂತು ವಿವರಿಸುವವರು ಅವರಿಗೆ ಬೇಕು.

ಕರ್ನಾಟಕಕ್ಕೆ ಇದು ಕೈಗೆಟುಕದ ಕೆಲಸವೇನಲ್ಲ. ಅನ್ನಭಾಗ್ಯದ ಅಕ್ಕಿ ನ್ಯಾಯಬೆಲೆ ಅಂಗಡಿಗೆ ಬರುತ್ತಿದೆ. ಕ್ಷೀರಭಾಗ್ಯದ ಹಾಲಿನ ಪುಡಿ 2013ರಿಂದ ಶಾಲೆ ಶಾಲೆಗೂ ತಲುಪುತ್ತಿದೆ. ಊರೂರಿನಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರಿದ್ದಾರೆ. ಸೇರಬೇಕಾದದ್ದು ಬೇಳೆ, ಎಣ್ಣೆ ಮತ್ತು ಇಲಾಖೆಗಳ ನಡುವೆ ಹೊಂದಾಣಿಕೆ. ಕ್ಷಯ ಖಚಿತವಾದ ವಾರದಲ್ಲೇ ಆ ಕುಟುಂಬದ ಪಡಿತರಕ್ಕೆ ಬೇಳೆ, ಹಾಲಿನ ಪುಡಿ, ಎಣ್ಣೆ ಸೇರಲಿ. ಕಾರ್ಡ್ ಇಲ್ಲದವರಿಗೆ, ವಲಸೆ ಕಾರ್ಮಿಕರಿಗೆ ಆರೋಗ್ಯ ಕೇಂದ್ರದಿಂದಲೇ ಸಿಗಲಿ. ಕಾಯಿಲೆಯ ಹೆಸರು ಅಂಗಡಿಯ ಸಾಲಿನಲ್ಲಿ ಬಯಲಾಗದಂತೆ ಗುಟ್ಟು ಕಾಯುವ ಹೊಣೆಯೂ ಇಲಾಖೆಯದಾಗಲಿ. ಎರಡನೇ ತಿಂಗಳಲ್ಲಿ ತೂಕ ಏರದಿದ್ದರೆ ಅದನ್ನು ಅಪಾಯದ ಸೂಚನೆ ಎಂದು ಪರಿಗಣಿಸಿ, ವೈದ್ಯರು ಆ ರೋಗಿಯನ್ನು ಮತ್ತೆ ಪರೀಕ್ಷಿಸಲಿ.

ಮಂಗಳೂರಿನ ವೈದ್ಯರು ಜಾರ್ಖಂಡ್‌ನ ಹಳ್ಳಿಗಳಲ್ಲಿ ಸಾಧಿಸಿ ತೋರಿಸಿದ್ದನ್ನು ಅವರದೇ ರಾಜ್ಯ ಮೊದಲು ಜಾರಿಗೆ ತರಲಿ. ಮುಂದಿನ ಬಜೆಟ್‌ನಲ್ಲಿ ಕ್ಷಯ ಔಷಧಿಯ ಪಕ್ಕದಲ್ಲೇ ಕ್ಷಯಪೀಡಿತ ಕುಟುಂಬದ ದಿನಸಿಗೂ ಪ್ರತ್ಯೇಕ ಅನುದಾನ ನಿಗದಿಯಾಗಲಿ.