ರಟ್ಟಿನಲ್ಲಿ ಎದ್ದ ಮದೀನಾ ಸ್ಟೇಷನ್

ರಜೆ ಬಂತೆಂದರೆ ತಾಯಂದಿರ ದೂರು ಒಂದೇ: "ಮಕ್ಕಳು ಮೊಬೈಲ್ ಬಿಡುವುದಿಲ್ಲ ಉಸ್ತಾದ್." ದುಬಾರಿ ರೈಲಿನ ಸೆಟ್ ತಂದುಕೊಟ್ಟರೆ ಅದೂ ನಾಲ್ಕು ದಿನದ ಸಂಭ್ರಮ. ಹಳೆಯ ಕಟ್ಟಡವೊಂದರ ಮಾದರಿಯನ್ನು, ಸಿದ್ಧ ಭಾಗಗಳನ್ನು ಕೊಳ್ಳದೆ, ಅಳತೆ ತೆಗೆಯುವುದರಿಂದ ಹಿಡಿದು ಬಣ್ಣ ಹಚ್ಚುವ ತನಕ ತಾವೇ ಮಾಡುವ ಹವ್ಯಾಸವೊಂದಿದೆ. ರಟ್ಟು, ಬ್ಲೇಡ್, ಉಕ್ಕಿನ ಸ್ಕೇಲ್, ಫೆವಿಕಾಲ್ ಇದ್ದರೆ ಆರಂಭಿಸಬಹುದು. ಬ್ಲೇಡ್ ಹಿಡಿಯುವಾಗ ಹಿರಿಯರೊಬ್ಬರು ಹತ್ತಿರವಿರಲಿ.

ಯಾವ ಕಟ್ಟಡ? ನಾನು ಹೇಳುವುದು ಹಿಜಾಝ್ ರೈಲ್ವೆಯ ಮದೀನಾ ನಿಲ್ದಾಣ. ಉಸ್ಮಾನಿಯಾ ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ 1900ರಲ್ಲಿ ಆರಂಭಿಸಿದ ಈ ಮಾರ್ಗ 1908ರಲ್ಲಿ ಮದೀನಾ ತಲುಪಿತು. ದಮಾಸ್ಕಸ್‌ನಿಂದ ಸುಮಾರು 1,300 ಕಿಲೋಮೀಟರ್. ಕಾಮಗಾರಿಯ ಮುಖ್ಯಸ್ಥ ಮೈಸ್ನರ್ ಎಂಬ ಜರ್ಮನ್ ಇಂಜಿನಿಯರ್. ಹಣದ ಒಂದು ಭಾಗ ಜಗತ್ತಿನ ಮುಸ್ಲಿಮರ ದೇಣಿಗೆ. ನಮ್ಮ ದೇಶದವರೂ ಕೊಟ್ಟಿದ್ದರು. ಒಂಟೆಯ ಮೇಲೆ ವಾರಗಟ್ಟಲೆ ಹಿಡಿಯುತ್ತಿದ್ದ ಹಜ್ಜ್ ಯಾತ್ರೆಯ ದಾರಿ ಕೆಲವೇ ದಿನಗಳಿಗೆ ಇಳಿಯಿತು. ಮಕ್ಕಾದವರೆಗೆ ಹಳಿ ಹಾಕುವ ಆಸೆ ಮಾತ್ರ ಕೈಗೂಡಲಿಲ್ಲ. ಒಂದನೇ ಮಹಾಯುದ್ಧದಲ್ಲಿ, 1916ರ ದಂಗೆಯ ನಂತರ ಹಳಿಗಳನ್ನೂ ಸೇತುವೆಗಳನ್ನೂ ಸ್ಫೋಟಿಸಲಾಯಿತು. ಮದೀನಾ ನಿಲ್ದಾಣ ಉಳಿದಿದೆ, ಅದೀಗ ವಸ್ತುಸಂಗ್ರಹಾಲಯ.

ನನ್ನ ಬಳಿ ಕಲಿಯುವ ಒಂಬತ್ತನೇ ತರಗತಿಯ ಹುಡುಗನೊಬ್ಬ ಇದನ್ನು ಕಟ್ಟುತ್ತಿದ್ದಾನೆ. ತಂದೆ ಮದೀನಾದಲ್ಲಿ ಕೆಲಸದಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಊರಿಗೆ. ಫೋನಿನಲ್ಲಿ ಅವರು ಕೇಳುತ್ತಿದ್ದುದು ಲೆಕ್ಕದ ಅಂಕ ಎಷ್ಟು ಎಂದು. ಇವನ ಉತ್ತರ "ಪಾಸಾಗಿದೆ". ಅಲ್ಲಿಗೆ ಮಾತು ಮುಗಿಯುತ್ತಿತ್ತು, ಫೋನು ತಾಯಿಯ ಕೈಗೆ ಹೋಗುತ್ತಿತ್ತು.

ಮಾದರಿಗೆ ಅಳತೆ ಬೇಕಾಯಿತು. ಕಟ್ಟಡದ ನಕ್ಷೆ ನಮ್ಮಲ್ಲಿರಲಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ: ಎತ್ತರ ಗೊತ್ತಿರುವ ಮನುಷ್ಯನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ದೂರದಿಂದ, ನೇರ ಎದುರಿನಿಂದ ಫೋಟೋ ತೆಗೆಯುವುದು. ಓರೆಯಾಗಿ ತೆಗೆದರೆ ಫೋಟೋ ಸುಳ್ಳು ಹೇಳುತ್ತದೆ. ಒಂದು ಶುಕ್ರವಾರ ತಂದೆ ಹೋಗಿ ನಿಂತರು. ಅವರ ಎತ್ತರ ಐದೂವರೆ ಅಡಿ. ಫೋಟೋದಲ್ಲಿ ಅವರು 2 ಸೆಂ.ಮೀ., ಪಕ್ಕದ ಬಾಗಿಲು 3 ಸೆಂ.ಮೀ. ಇದ್ದರೆ ಬಾಗಿಲು ಎಂಟೂಕಾಲು ಅಡಿ. ರೈಲು ಮಾದರಿಗಳಲ್ಲಿ ಹೆಚ್ಚು ಬಳಕೆಯ ಪ್ರಮಾಣ 87ಕ್ಕೆ 1, ಅಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಬಾಗಿಲು ಸುಮಾರು 29 ಮಿ.ಮೀ. ಆಯಿತು. ಅನುಪಾತದ ಪಾಠವನ್ನು ನಾನು ಎರಡು ವರ್ಷ ಬೋರ್ಡಿನ ಮೇಲೆ ಹೇಳಿಕೊಟ್ಟೆ. ಅವನು ಕಲಿತದ್ದು ತಂದೆಯ ಎತ್ತರದಿಂದ.

ಗೋಡೆಗೆ ನೋಟ್‌ಬುಕ್ಕಿನ ರಟ್ಟು, ಕಮಾನುಗಳಿಗೆ ಮದುವೆ ಆಮಂತ್ರಣ ಪತ್ರದ ದಪ್ಪ ಕಾಗದ. (ನಮ್ಮ ಮನೆಗಳಲ್ಲಿ ಇದಕ್ಕೇನು ಕೊರತೆ!) ಕಲ್ಲಿನ ಸಾಲುಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀರಬೇಕು, ಆಮೇಲೆ ಬಣ್ಣ. ನೆಲಕ್ಕೆ ಅಂಟು ಸವರಿ ಜರಡಿ ಹಿಡಿದ ಮರಳು.

ಇನ್ನೊಂದು ತೀರ್ಮಾನವನ್ನು ಮೊದಲೇ ಮಾಡಬೇಕು: ಯಾವ ವರ್ಷದ ಸ್ಟೇಷನ್? ಹುಡುಗ 1908 ಅಂದ. ಹಾಗಾದರೆ ಇಂದಿನ ಫೋಟೋದಲ್ಲಿರುವ ಹೊಸ ದೀಪ, ಫಲಕಗಳನ್ನೆಲ್ಲ ಬಿಡಬೇಕು, ಹಳೆಯ ಚಿತ್ರಗಳ ಜೊತೆ ಹೋಲಿಸಿ ನೋಡಬೇಕು. ಜೀವವಿಲ್ಲದ ವಸ್ತುಗಳ ಪ್ರತಿಕೃತಿಗೆ ನಮ್ಮ ವಿದ್ವಾಂಸರ ತಕರಾರಿಲ್ಲ. ಮನುಷ್ಯರ ಗೊಂಬೆ ಇಡುವುದು ಬೇಡವೆಂದುಕೊಂಡೆವು. ಒಂದು ಬೆಂಚು, ಎರಡು ಗಂಟುಮೂಟೆ ಇಟ್ಟರೆ ಕಟ್ಟಡದ ಗಾತ್ರ ಕಣ್ಣಿಗೆ ತಿಳಿಯುತ್ತದೆ.

ಹಳಿಯ ಲೆಕ್ಕ ಅವನೇ ಮಾಡಿದ. ಹಿಜಾಝ್ ಹಳಿಗಳ ನಡುವಿನ ಅಂತರ 1,050 ಮಿ.ಮೀ.; 87ರಿಂದ ಭಾಗಿಸಿದರೆ 12. "ಸರಿಯಾಗಿ ಬಂತು ಉಸ್ತಾದ್!" ಎಂದು ರಾತ್ರಿ ಫೋನ್ ಮಾಡಿದ್ದ.

ಈಗ ಹಿಂಬದಿಯ ಗೋಡೆ ಬಾಕಿ. ಅದರ ಫೋಟೋಕ್ಕೆ ತಂದೆ ಮುಂದಿನ ಶುಕ್ರವಾರ ಮತ್ತೆ ಹೋಗುವವರಿದ್ದಾರೆ. ಮಗ ತಾಕೀತು ಮಾಡಿದ್ದಾನಂತೆ: "ನೀವು ಟೊಪ್ಪಿ ತೆಗೆದು ನಿಲ್ಲಿ, ಇಲ್ಲದಿದ್ದರೆ ಅಳತೆ ಕೆಡುತ್ತದೆ."