ಕಾದಂಬರಿ ಕಪಾಟು ದಾಟಿ ಹೋಗ್ರಿ

ಲೈಬ್ರರಿಗೆ ಹೋದ್ರ ನಾವು ಹೆಣ್ಣಮಕ್ಕಳು ಕಾದಂಬರಿ ಕಪಾಟಿನ ಮುಂದನ ನಿಂದರ್ತೀವಿ. ನಾನೂ ಹಂಗ ಇದ್ದೆ. ಹ್ವಾದ ವರ್ಷ ವಿಜಯಾ ಅವರ ಆತ್ಮಕಥಿ ‘ಕುದಿ ಎಸರು’ ತಂದೆ. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದದು. ಗಂಡನ ಮನ್ಯಾಗ ಹೊಡತ ತಿಂದವರು ಪತ್ರಕರ್ತೆಯಾಗಿ ನಿಂತ ಖರೇ ಕಥಿ. ಓದಿ ಮುಗಿಸಿದ ರಾತ್ರಿ ನಮ್ಮವ್ವ ಎಂದೂ ಬಾಯಿ ಬಿಟ್ಟು ಹೇಳಲಾರದ್ದೆಲ್ಲಾ ನೆನಪಾಗಿ ನಿದ್ದಿ ಹತ್ತಲಿಲ್ಲ.

ಆಮ್ಯಾಲೆ ಕೆ.ವಿ. ನಾರಾಯಣ ಅವರ ‘ನುಡಿಗಳ ಅಳಿವು’. 2024ರ ಅಕಾಡೆಮಿ ಪ್ರಶಸ್ತಿ ಇದಕ್ಕ. ಉಳ್ಳಾಗಡ್ಡಿ ಅಂದ್ರ ಏನಜ್ಜಿ ಅಂತ ಮೊಮ್ಮಕ್ಕಳು ಕೇಳೋ ಮನ್ಯಾಗ ಇದು ಇರಬೇಕ್ರಿ. ಮನಸ್ಸು ಹಗುರ ಆಗಬೇಕಂದ್ರ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’. ಹಳೇದು, ಆದ್ರ ಗಿಡಮರದ ಪಾಠ ನಕ್ಕೋತ ಕಲಸ್ತದ.

ಸಿಗಲಿಲ್ಲಂದ್ರ ಸುಮ್ಮನ ತಿರುಗಿ ಬರಬ್ಯಾಡ್ರಿ. ಹೆಸರು ಬರದು ಗ್ರಂಥಪಾಲಕರ ಕೈಯಾಗ ಕೊಡ್ರಿ. ನಾವು ಕಟ್ಟೋ ಮನಿ ಕರದ ಜೋಡಿ ಗ್ರಂಥಾಲಯ ಕರನೂ ಹೋಗ್ತದ. ಕೇಳವರ ಇಲ್ಲಂದ್ರ ಅವರರೆ ಯಾಕ ತರಸ್ತಾರ? ಕಾದಂಬರಿ ಬಿಡ್ರಿ ಅನ್ನಂಗಿಲ್ಲ. ಚೀಲದಾಗ ಎರಡಿದ್ರ ಒಂದು ಇಂಥಾದ್ದಿರಲಿ.